ಎರಡು ಬೆಳೆ ತಿಪ್ಪೆಗೆ ಹೋದ್ಮೇಲೆ ಹುಳ ಸಾಕೋದು ಕಲಿತೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಬೆಂಗಳೂರಲ್ಲಿ ಆರು ವರ್ಷ ಕ್ಯಾಬ್ ಓಡಿಸಿ ಸಾಕಾಗಿ ಊರಿಗೆ ಬಂದು, ಅಪ್ಪ ಕೈಬಿಟ್ಟಿದ್ದ ರೇಷ್ಮೇನ ಮತ್ತೆ ಹಿಡಿದೆ. ಅರ್ಧ ಎಕರೆ ವಿ-1 ತಳಿ ಹಿಪ್ಪುನೇರಳೆ ಸೊಪ್ಪು, ಮರಿಹುಳ ಸಾಕಿ ಕೊಡೋ ಚಾಕಿ ಸೆಂಟರಿಂದ ತಂದ 100 ಮೊಟ್ಟೆ ಹುಳ (ಒಂದು ಚಿಟ್ಟೆ ಇಟ್ಟಷ್ಟನ್ನೂ ಸೇರಿಸಿ ಒಂದು ಮೊಟ್ಟೆ ಅಂತೀವಿ), ಎರಡನೇ ಜ್ವರ ಎದ್ದಿದ್ದು. ಜ್ವರ ಅಂದ್ರೆ ಕಾಯಿಲೆ ಅಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು.

ಮೈ ಮುರಿದು ದುಡಿದ್ರೆ ಯಾವುದು ತಾನೇ ಆಗಲ್ಲ ಅಂತ ನನ್ನ ಲೆಕ್ಕ. ರಾತ್ರಿ ಎರಡು ಗಂಟೆಗೂ ಎದ್ದು ಸೊಪ್ಪು ಹಾಕ್ತಿದ್ದೆ, ಜ್ವರಕ್ಕೆ ಕೂತಿದ್ದ ಹುಳದ ಮೇಲೂ. "ಜ್ವರದಾಗೆ ಮಲಗಿರೋವಕ್ಕೆ ಯಾಕೋ ಇಕ್ತೀಯ, ಸುಮ್ನೆ ಬಿಡೋ" ಅಂತ ಅಮ್ಮ ಬೈದ್ರೂ ಕೇಳಲಿಲ್ಲ. ನಾಲ್ಕನೇ ಜ್ವರ ಎದ್ದು ಐದು ದಿನ ಆಗಿತ್ತು ನೋಡಿ, ಹುಳಗಳು ಊದ್ಕೊಂಡು ಮೈ ಮಿರಮಿರ ಅಂತ ರ‍್ಯಾಕಿನ ಅಂಚಿಗೆ ಬಂದು ಸುಮ್ನೆ ಸುತ್ತೋಕೆ ಶುರು ಮಾಡಿದ್ವು, ಬೆರಳು ತಾಗಿದ್ರೆ ಸಾಕು ಚರ್ಮ ಹರಿದು ಹಾಲಿನಂಥ ನೀರು. ಹಾಲುತೊಂಡೆ ರೋಗ. ಅಷ್ಟನ್ನೂ ಮಂಕ್ರೀಲಿ ತುಂಬಿ ಹುಳುಮನೆ ಪಕ್ಕದ ತಿಪ್ಪೆಗೆ ಸುರಿದೆ. ಎರಡನೇ ಬೆಳೇನೂ ಹಂಗೇ ಹೋಯ್ತು.

ಪಕ್ಕದ ತೋಟದ ದೊಡ್ಡಮ್ಮ ಬಂದ್ರು. ಹುಳಾನ ನೋಡಲೇ ಇಲ್ಲ, ತಿಪ್ಪೆ ಕೆದರಿ ಸೀದಾ ಸೊಪ್ಪಿನ ರಾಶಿ ಮೇಲೆ ಓಡಾಡ್ತಿದ್ದ ನಮ್ಮ ಕೋಳೀನ ನೋಡಿ "ರೋಗಾನ ಬಾಗಿಲಲ್ಲೇ ಸಾಕ್ಕೊಂಡಿದ್ದೀಯಲ್ಲೋ" ಅಂದ್ರು. ಅದು ವೈರಸ್ಸು, ಸತ್ತ ಹುಳದ ನೀರು ಸೊಪ್ಪಿಗೆ ತಗುಲಿದ್ರೆ ತಿಂದ ಹುಳಕ್ಕೆಲ್ಲ ಬರುತ್ತೆ, ನನಗೆ ಅಲ್ಲೀವರೆಗೆ ಅದು ಹೊಳೆದೇ ಇರಲಿಲ್ಲ.

ಆಮೇಲಿನ ಕೆಲಸ ಬರೀ ಬೇಜಾರಿನದ್ದು. 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪೌಡರು, 300 ಗ್ರಾಂ ಅರಳಿದ ಸುಣ್ಣ, ಗೋಡೆ ನೆಲ ರ‍್ಯಾಕು ಬಲೆ ಎಲ್ಲಾ ತೊಯ್ಯೋ ಹಂಗೆ ಹೊಡೆಯೋದು, ರೋಗದ ಹುಳ ಕಂಡ್ರೆ ಕಡ್ಡೀಲಿ ಎತ್ತಿ ಬ್ಲೀಚಿಂಗ್ ನೀರಿಗೇ ಹಾಕಿ ಆಮೇಲೆ ದೂರ ಹೂಳೋದು, ಒಳಗೆ ಹೋಗೋ ಪ್ರತಿ ಸಲಾನೂ ಕೈ ಕಾಲು ತೊಳೆಯೋದು. ಇದ್ಯಾವುದಕ್ಕೂ ತೋಳ್ಬಲ ಬೇಡ, ಆದ್ರೆ ಒಂದು ದಿನ ತಪ್ಪಿಸಂಗಿಲ್ಲ.

ನನಗೆ ನಿಜವಾಗ್ಲೂ ಕಷ್ಟ ಆಗಿದ್ದು ಜ್ವರ. ತಲೆ ಮೇಲೆತ್ಕೊಂಡು ಹುಳ ಒಂದಿಷ್ಟೂ ಅಲ್ಲಾಡದೆ ನಿಲ್ಲುತ್ತೆ, ಹೆಚ್ಚು ಕಮ್ಮಿ ಒಂದು ದಿನ. ಸುಣ್ಣದ ಪುಡಿ ಉದುರಿಸಿ ಬೆಡ್ಡು ಒಣಗಿಸಿ ಕಾಯಬೇಕು. ಮೊದಲು ಎದ್ದ ನಾಲ್ಕು ಹುಳ ಹಸಿವಿಗೆ ತಲೆ ಆಡಿಸಿದ್ರೂ ಹಾಕಂಗಿಲ್ಲ, ನೂರಕ್ಕೆ 95 ಎದ್ದ ಮೇಲೇನೆ ಸೊಪ್ಪು, ಇಲ್ಲಾಂದ್ರೆ ಒಂದು ದಪ್ಪ ಒಂದು ಸಣ್ಣ ಆಗಿ ಗೂಡು ಕಟ್ಟೋದೂ ಹಿಂದೆ ಮುಂದೆ ಆಗುತ್ತೆ. ಹೆಬ್ಬಾಳದ ಸಿಗ್ನಲಲ್ಲಿ ಹಸಿರು ಬೀಳೋ ಮುಂಚೇನೇ ಹಾರ್ನ್ ಹೊಡೀತಿದ್ದವನು ನಾನು. ಮೊದಮೊದಲು ಬಾಗಿಲಿಗೆ ಬೀಗ ಹಾಕಿ ಕೀನ ಅಮ್ಮನ ಕೈಗೆ ಕೊಟ್ಟು ಹೋಗ್ತಿದ್ದೆ, ನಗಬೇಡಿ.

ಮೂರನೇ ಬೆಳೆ 41 ಕೆಜಿ ಗೂಡು, ಐದನೇದು 66. ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ಗೂಡಿಂದ ನೂಲು ತೆಗೆಯೋ ಒಬ್ರು ರೀಲರ್ ನನ್ನ ಲಾಟಿಂದ ಒಂದು ಗೂಡು ಎತ್ತಿ ಕಿವಿ ಹತ್ರ ಅಲ್ಲಾಡಿಸಿ, ಇನ್ನೊಂದು ಎತ್ತಿ ಅಲ್ಲಾಡಿಸಿ, "ಯಾರದಪ್ಪಾ ಇದು, ಹೊಸಬನಾ?" ಅಂದ್ರು. ಐದನೇ ಬೆಳೆ ಅಣ್ಣ ಅಂದೆ. ಮೊದಲಿನ ಎರಡನ್ನೂ ಸೇರಿಸೇ ಹೇಳಿದೆ.