ಎಲ್ಲಾ ಶೀತ ಅಲ್ಲ: ಮಿದುಳಿನ ತೊಂದ್ರೆ ಇರೋ ಕೂಸಿನ ಉಸಿರು ಮನೇಲಿ ನೋಡ್ಕೊಳ್ಳೋದು ಹೇಗೆ

ನಮ್ಮ ಮಲ್ನಾಡಲ್ಲಿ ಮಳೆ ಹಿಡೀತು ಅಂದ್ರೆ ಕೂಸಿನ ಗಂಟಲಲ್ಲಿ ಏನೇ ಶಬ್ದ ಬಂದ್ರೂ ಶೀತ ಅಂತಾರೆ. ಆದ್ರೆ ಹುಟ್ಟುವಾಗ್ಲೇ ಮಿದುಳಿನ ರಚನೆ ಸರಿ ಇಲ್ದಿರೋ ಮಗುಗೆ ಆ ಮಾತು ನಂಬ್ಕೊಂಡು ಕೂರ್ಬೇಡಿ. ಉಸಿರಿನ ಲಯ ನಡೆಸೋದೇ ಮಿದುಳಿನ ಬುಡ. ಬೆನ್ನುಮೂಳೆ ಪೂರ್ತಿ ಮುಚ್ಚದೆ ಹುಟ್ಟಿಂದ್ಲೇ ಬೆನ್ನಲ್ಲಿ ಗಂಟಿನ ತರ ಉಬ್ಬಿರೋ ತೊಂದ್ರೆ (ಸ್ಪೈನಾ ಬೈಫಿಡಾ) ಜೊತೆ ಬರೋ ಕಿಯಾರಿ ಟೈಪ್ 2 ಅನ್ನೋದ್ರಲ್ಲಿ ಮಿದುಳಿನ ಕೆಳಭಾಗ ಕತ್ತಿಗೆ ಜಾರಿರತ್ತೆ, ಒತ್ತಡ ಬಿದ್ದು ಸ್ವರತಂತಿಗಳು ಸೋಲ್ಬಹುದು. ಜೂಬೇರ್ ಸಿಂಡ್ರೋಮ್ (ಮಿದುಳಿನ ರಚನೆಯ ಅಪರೂಪದ ಹುಟ್ಟು ತೊಂದ್ರೆ) ಇರೋ ಕೆಲವು ಕೂಸುಗಳು ಏದುಸಿರು ಬಿಟ್ಟು ಬಿಟ್ಟು ಆಮೇಲೆ ಸ್ವಲ್ಪ ಹೊತ್ತು ಉಸಿರೇ ನಿಲ್ಲಿಸ್ತವೆ.

ಮೊದ್ಲು ಎಣಿಸೋದು ಕಲೀರಿ. ಮಗು ಮಲಗಿದ್ದಾಗ ಅಂಗಿ ಎತ್ತಿ ಹೊಟ್ಟೆ ನೋಡ್ತಾ ಮೊಬೈಲ್ ಟೈಮರ್ ಇಟ್ಟು ಪೂರ್ತಿ 1 ನಿಮಿಷ ಎಣಿಸ್ಬೇಕು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ತಪ್ಪಾಗತ್ತೆ ಯಾಕಂದ್ರೆ ಕೂಸಿನ ಉಸಿರು ಒಂದೇ ಸಮ ಇರಲ್ಲ. 2 ತಿಂಗಳೊಳಗಿನ ಮಗುಗೆ 60 ಅಥ್ವಾ ಮೇಲೆ, 2ರಿಂದ 12 ತಿಂಗಳಿಗೆ 50 ಅಥ್ವಾ ಮೇಲೆ ಬಂದ್ರೆ ಮತ್ತೊಂದ್ಸಲ ಎಣಿಸಿ, ಹಂಗೇ ಇದ್ರೆ ಅವತ್ತೇ ಡಾಕ್ಟ್ರಿಗೆ ತೋರಿಸಿ. 5–10 ಸೆಕೆಂಡ್ ನಿಂತು ಮತ್ತೆ ಶುರುವಾಗೋದು ಎಳೆ ಕೂಸಲ್ಲಿ ಸಹಜ. 20 ಸೆಕೆಂಡ್ ನಿಂತ್ರೆ, ಇಲ್ಲಾ ಅಷ್ಟರೊಳಗೇ ನಾಲಿಗೆ ನೀಲಿಯಾದ್ರೆ ಅಥ್ವಾ ಮೈ ಸೋತ್ರೆ ಅದು ಅಪ್ನಿಯಾ, ಎಮರ್ಜೆನ್ಸಿ.

ಆಮೇಲೆ ಕೇಳಿ. ಉಸಿರು ಒಳಗೆ ಎಳೀವಾಗ ಕೀಂಯ್ ಅನ್ನತ್ತಾ, ಅಳು ಕ್ಷೀಣ ಆಯ್ತಾ, ಹಾಲು ಪದೇ ಪದೇ ನೆತ್ತಿಗೆ ಹತ್ತತ್ತಾ? ಸೌಂಡ್ ಸಮೇತ ವಿಡಿಯೋ ಮಾಡಿಟ್ಕೊಳ್ಳಿ, ಆಸ್ಪತ್ರೆಗೆ ಹೋದಾಗ ಮಗು ಸರಿಯಾಗೇ ಉಸಿರಾಡ್ತಿರತ್ತೆ, ಆಗ ವಿಡಿಯೋನೇ ಸಾಕ್ಷಿ. ಷಂಟ್ (ಮಿದುಳಲ್ಲಿ ತುಂಬೋ ನೀರು ಇಳಿಸೋ ನಳಿಗೆ) ಹಾಕಿರೋ ಮಗುಗೆ ಈ ಶಬ್ದ ಹೊಸದಾಗಿ ಬಂದ್ರೆ ಷಂಟ್ ಕಟ್ಟಿರಬಹುದು, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಬಾಣಂತನದ ವಿಷ್ಯಕ್ಕೆ ಬಂದ್ರೆ, ಸ್ನಾನ ಆದ್ಮೇಲೆ ಲೋಬಾನದ ಹೊಗೆ, ಮೂಗಿಗೆ ಎಣ್ಣೆ ಬಿಡೋದು, ಬಜೆ ತೇದು ನೆಕ್ಕಿಸೋದು ಈ ಮಗುಗೆ ಬೇಡ. ನುಂಗೋಕೆ ಕಷ್ಟ ಇದ್ರೆ ಎಣ್ಣೆ, ಬಜೆ ಶ್ವಾಸಕೋಶಕ್ಕೆ ಇಳಿಯಬಹುದು. ಅಜ್ಜಿಗೆ ಬೇಜಾರಾಗತ್ತೆ, ನಿಧಾನಕ್ಕೆ ಕೂತು ಹೇಳಿ. ಬಚ್ಚಲೊಲೆ ಹೊಗೆಯಿಂದಾನೂ ದೂರ ಇಡಿ, ಅಂಗಾತ ಮಲಗಿಸಿ.

ಉಸಿರು ನಿಂತ್ರೆ ಅಂಗಾಲು ಜೋರಾಗಿ ಉಜ್ಜಿ. ಎಚ್ಚರ ಆಗ್ಲಿಲ್ವಾ, ಒಬ್ರು 108ಕ್ಕೆ ಫೋನ್ ಮಾಡ್ಲಿ, ಇನ್ನೊಬ್ರು ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಶುರು ಮಾಡ್ಲಿ. ಇದನ್ನ ಓದಿ ಕಲಿಯಕ್ಕಾಗಲ್ಲ, ಡಿಸ್ಚಾರ್ಜ್ ಮಾಡೋ ಮುಂಚೆನೇ ನರ್ಸ್ ಹತ್ರ ಕೈಹಿಡಿದು ಕಲೀರಿ. ಆಗುಂಬೆ, ಹೊಸನಗರ ಕಡೆ ಎಷ್ಟೋ ಮನೇಲಿ ನೆಟ್‌ವರ್ಕ್ ಸಿಗಲ್ಲ, ಹಂಗಾಗಿ ಪಕ್ಕದ ಮನೆ ಜೀಪಿನೋರಿಗೆ ಮೊದ್ಲೇ ಹೇಳಿಡಿ, ಎಂಆರ್‌ಐ ರಿಪೋರ್ಟು ಡಿಸ್ಚಾರ್ಜ್ ಚೀಟಿ ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಟಾರ್ಚ್ ಜೊತೆ ಬಾಗಿಲ ಹತ್ರಾನೇ ನೇತುಹಾಕಿ.