ಬಾಗಲಕೋಟೆಯಿಂದ ಸೋವಿಯತ್ ಇತಿಹಾಸದ ಸಂಶೋಧನಾ ಹುದ್ದೆಗೆ: ಅರ್ಜಿ ಕಟ್ಟುವ ಬಗೆ

ಇಂಥ ಅರ್ಜಿ ಹೆಚ್ಚಾಗಿ ಎಡವುವುದು ಒಂದೇ ಕಡೆ: ವಿಷಯ ಬೆಟ್ಟದಷ್ಟು, ಆಕರ ಸಾಸಿವೆಯಷ್ಟೂ ಇಲ್ಲ. ‘ಸ್ಟಾಲಿನ್ ಕಾಲದ ರೈತರು’ ಎಂದು ಬರೆದರೆ ಅದು ಗ್ರಂಥಾಲಯದ ಕಪಾಟಿನ ಹೆಸರಾದೀತು, ಸಂಶೋಧನಾ ಪ್ರಸ್ತಾವವಾಗದು.

ಸಾಮಾಜಿಕ ಇತಿಹಾಸಕ್ಕೆ ನಾಯಕರ ಭಾಷಣಕ್ಕಿಂತ ಮಂದಿಯ ಬದುಕು ಮುಖ್ಯ. 1932ರ ಡಿಸೆಂಬರ್ 27ರ ಆದೇಶದಿಂದ ಪಟ್ಟಣದವರಿಗೆ, ದೇಶದೊಳಗೆ ಊರು ಬದಲಿಸಲು ಬೇಕಾದ ಗುರುತುಪತ್ರ, ಅಂದರೆ ಆಂತರಿಕ ಪಾಸ್‌ಪೋರ್ಟ್ ಬಂತು. ಕೊಲ್ಖೋಜ್ ಎಂಬ ಸಾಮೂಹಿಕ ಕೃಷಿಕೂಟದ ಬಹುತೇಕ ರೈತರಿಗೆ ಅದು ಹಕ್ಕಾಗಿ ಸಿಗಲು 1974 ಆಗಬೇಕಾಯಿತು. ಹಾಗಾದರೆ ಹಳ್ಳಿಯ ಹುಡುಗಿ ಕಾರ್ಖಾನೆ ಕೆಲಸಕ್ಕೆ ಹೋಗಿದ್ದು ಹೇಗೆ? ಇದು ಪ್ರಶ್ನೆ. ಕೊಲ್ಖೋಜಿನಲ್ಲಿ ದುಡಿಮೆಯನ್ನು ‘ತ್ರುದೊದೆನ್’ (ದುಡಿಮೆಯ ದಿನ) ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಸರ್ಕಾರದ ಪಾಲು ಹೋದ ಮೇಲೆ ಉಳಿದದ್ದರಲ್ಲಿ ಹಂಚಿಕೆ. ಕಬ್ಬು ಕಳಿಸಿ ಬಿಲ್ಲಿಗೆ ಕಾಯುವ ಮುಧೋಳ, ಜಮಖಂಡಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗಲಕೋಟೆಯವರಿಗೆ ಇನ್ನೂ ಹತ್ತಿರದ ವಿಷಯ ರಷ್ಯಾದ ಮೊಲೊಗಾ ಪಟ್ಟಣ. ವೋಲ್ಗಾ ಮೇಲಿನ ರಿಬಿನ್ಸ್ಕ್ ಜಲಾಶಯ 1941ರಲ್ಲಿ ತುಂಬತೊಡಗಿದಾಗ ಈ ಊರು ಮುಳುಗಿತು. ಜಲಾಶಯಕ್ಕಾಗಿ ಒಟ್ಟು ಸುಮಾರು 1,30,000 ಮಂದಿ ಎದ್ದು ಹೋಗಬೇಕಾಯಿತು. ಮರದ ಮನೆಗಳನ್ನು ಬಿಚ್ಚಿ, ತೆಪ್ಪ ಕಟ್ಟಿ ನದಿಯಲ್ಲೇ ಸಾಗಿಸಿದರು. ಕಟ್ಟೋಣದಲ್ಲಿ ವೋಲ್ಗೊಲಾಗ್ ಶಿಬಿರದ ಕೈದಿಗಳ ದುಡಿಮೆ ಇತ್ತು. ಆಲಮಟ್ಟಿ ಹಿನ್ನೀರು, ನವನಗರ, ಪರಿಹಾರದ ಕಡತ ಕಂಡವರು ಇಲ್ಲಿ ಕೇಳುವ ಪ್ರಶ್ನೆ ಬೇರೆಯವರಿಗೆ ಹೊಳೆಯಲಿಕ್ಕಿಲ್ಲ. ಆದರೆ ಹುದ್ದೆ ಸೋವಿಯತ್ ಇತಿಹಾಸದ್ದು. ಪ್ರಸ್ತಾವದಲ್ಲಿ ಬಾಗಲಕೋಟೆಗೆ ಒಂದು ಪ್ಯಾರಾ ಸಾಕು.

ಇನ್ನು ಆಕರ. 2022ರಲ್ಲಿ ಉಕ್ರೇನ್ ಮೇಲಿನ ಯುದ್ಧ ಹಬ್ಬಿದ ನಂತರ ಮಾಸ್ಕೋದ ಪತ್ರಾಗಾರಗಳನ್ನೇ ನಂಬಿದ ಯೋಜನೆಯನ್ನು ಆಯ್ಕೆ ಸಮಿತಿ ಅನುಮಾನದಿಂದ ನೋಡುತ್ತದೆ. ಮನೆಯಲ್ಲೇ ಕೂತು ಓದಬಹುದಾದದ್ದರಿಂದ ಶುರುಮಾಡಿ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1950-51ರಲ್ಲಿ ಸೋವಿಯತ್ ನಿರಾಶ್ರಿತರೊಂದಿಗೆ ನಡೆಸಿದ ನೂರಾರು ಸಂದರ್ಶನಗಳು ಇಂಗ್ಲಿಷ್ ಟೈಪ್ ಪ್ರತಿಗಳಾಗಿ ಆನ್‌ಲೈನ್‌ನಲ್ಲಿ ಉಚಿತ. ಹೇಳಿದವರು ದೇಶಕ್ಕೆ ಮರಳದೆ ಉಳಿದವರು, ಹಾಗಾಗಿ ಮಾತು ಒಂದು ಕಡೆ ವಾಲಿರುತ್ತದೆ. ಇದನ್ನು ಪ್ರಸ್ತಾವದಲ್ಲಿ ನೀವೇ ಹೇಳಿಬಿಡಿ, ಹುದ್ದೆಯ ಸಂದರ್ಶನದಲ್ಲಿ ಆಯ್ಕೆ ಸಮಿತಿಯವರು ಕೇಳುವ ಮೊದಲೇ. ರಷ್ಯನ್ ಬಂದರೆ ‘ಪ್ರೊಝಿತೊ’ ಸಂಗ್ರಹದಲ್ಲಿ ಸಾಮಾನ್ಯರ ದಿನಚರಿಗಳು ಸಿಗುತ್ತವೆ. ಜರ್ಮನ್ನರು ಯುದ್ಧದಲ್ಲಿ ಒಯ್ದು, ಆಮೇಲೆ ಅಮೆರಿಕನ್ನರ ಕೈ ಸೇರಿ, 2002ರಲ್ಲಿ ರಷ್ಯಾಕ್ಕೆ ಮರಳಿದ ಸ್ಮೊಲೆನ್ಸ್ಕ್ ಪ್ರಾಂತದ ಕಮ್ಯುನಿಸ್ಟ್ ಪಾರ್ಟಿ ಕಡತಗಳ ಮೈಕ್ರೊಫಿಲ್ಮ್ ಅಮೆರಿಕದಲ್ಲಿದೆ. ಆಮೇಲೆ ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ರೀಗಾ, ವಿಲ್ನಿಯಸ್, ತ್ಬಿಲಿಸಿ, ಅಲ್ಮಾಟಿಯ ಪತ್ರಾಗಾರಗಳನ್ನು ನೋಡಿ.

ಪತ್ರಾಗಾರದ ವಿಳಾಸಕ್ಕೆ ನಾಲ್ಕು ಮೆಟ್ಟಿಲು: ಫೊಂಡ್, ಓಪಿಸ್, ದೆಲೊ, ಲಿಸ್ತ್. ಅಂದರೆ ಸಂಗ್ರಹ, ಪಟ್ಟಿ, ಕಡತ, ಹಾಳೆ. ನೋಡಬೇಕೆಂದಿರುವ ನಾಲ್ಕೈದು ಕಡತಗಳನ್ನು ಹೀಗೆ ಗುರುತಿಸಿ ಬರೆದರೆ ಪ್ರಸ್ತಾವದ ತೂಕವೇ ಬೇರೆ. ಆದರೆ ಬೇರೆಯವರ ಅಡಿಟಿಪ್ಪಣಿಯಿಂದ ಎತ್ತಿದ ಸಂಖ್ಯೆಯನ್ನು ‘ನೋಡಿದ್ದೇನೆ’ ಎನ್ನಬೇಡಿ. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ರಷ್ಯನ್ ಭಾಷೆಯ 33 ಅಕ್ಷರಗಳಿಗೆ ಒಂದು ವಾರ ಸಾಕು. ನಿಘಂಟು ಹಿಡಿದು ಪತ್ರಿಕೆ ಓದಲು ಒಂದು ವರ್ಷವಾದರೂ ಬೇಕು. ಕೈಬರಹ ಬೇರೆ ಗೋಳು, ಬೇಗ ಶುರುಮಾಡಿ. ಎಷ್ಟು ಬರುತ್ತದೋ ಅಷ್ಟೇ ಬರೆಯಿರಿ.

ಹುದ್ದೆಗಳು ಜರ್ಮನಿಯದಾದರೆ ‘ಎಚ್‌-ಸೋಜ್‌-ಕುಲ್ಟ್’ ತಾಣದಲ್ಲಿ ಬರುತ್ತವೆ. ಅಲ್ಲಿ ಪಿಎಚ್‌ಡಿ ಎಂದರೆ ಸಂಬಳದ ನೌಕರಿ: ‘ಟಿವಿ-ಎಲ್ ಇ13, 65%’ ಎಂದಿದ್ದರೆ ಅಲ್ಲಿನ ರಾಜ್ಯ ಸರ್ಕಾರಿ ನೌಕರರ ಆ ವೇತನ ಶ್ರೇಣಿಯ ಪೂರ್ಣ ವೇತನದ ನೂರಕ್ಕೆ 65 ಪಾಲು. ನಮ್ಮ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸುವ ಸೂತ್ರ: ಗರಿಷ್ಠದಲ್ಲಿ ನಿಮ್ಮ ಅಂಕ ಕಳೆದು, ಬಂದದ್ದನ್ನು ಗರಿಷ್ಠ ಮತ್ತು ಪಾಸಿನ ಅಂಕದ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 68, ಪಾಸಿಗೆ 40 ಆದರೆ 2.6. ಜರ್ಮನಿಯಲ್ಲಿ 1 ಉತ್ತಮ, 4 ಕನಿಷ್ಠ. ಸಂಖ್ಯೆ ಚಿಕ್ಕದಾಯಿತೆಂದು ಗಾಬರಿಯಾಗಬೇಡಿ.

ದೇಶದಲ್ಲೇ ಮಾಡುವವರಿಗೆ ಯುಜಿಸಿ-ನೆಟ್‌ನ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ. ದೆಹಲಿಯ ಜೆಎನ್‌ಯುದಲ್ಲಿ ರಷ್ಯಾ ಮತ್ತು ಮಧ್ಯ ಏಷ್ಯಾ ಅಧ್ಯಯನ ಕೇಂದ್ರವಿದೆ.

ಕಾಗದಪತ್ರದಲ್ಲಿ ಕಾಡುವುದು ಇನಿಷಿಯಲ್. ಅಂಕಪಟ್ಟಿಯಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು. ಮೊದಲೇ ಅಫಿಡವಿಟ್ ಮಾಡಿಸಿಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಅದಕ್ಕಿಂತ ಹಿಂದೆ ಪದವಿ ಮುಗಿಸಿದವರ ಟ್ರಾನ್ಸ್‌ಕ್ರಿಪ್ಟ್ ಸಾಮಾನ್ಯವಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದ್ದು ಬೇರೆ ದಾರಿ. ಶಿಫಾರಸು ಪತ್ರಕ್ಕೆ ಗುರುಗಳ ಬಳಿ ಆರು ವಾರ ಮೊದಲೇ ಹೋಗಿ, ಪ್ರಸ್ತಾವದ ಪ್ರತಿ ಕೈಗೆ ಕೊಟ್ಟು ಬನ್ನಿ. ‘ಶ್ರಮಜೀವಿ, ಸನ್ನಡತೆಯ ವಿದ್ಯಾರ್ಥಿ’ ಎಂಬ ಎರಡು ಸಾಲಿನ ಪತ್ರ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ.

ಕೊನೆಯ ದಿನ ರಾತ್ರಿ 23:59 ಎಂದು ಜರ್ಮನಿಯವರು ಹಾಕಿದ್ದರೆ, ನಮಗದು ಚಳಿಗಾಲದಲ್ಲಿ ಮರುದಿನ ಬೆಳಗಿನ 4:29, ಬೇಸಿಗೆಯಲ್ಲಿ 3:29. ಆ ಲೆಕ್ಕ ನೆಚ್ಚಿ ಕೂರದೆ ಎರಡು ದಿನ ಮೊದಲೇ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸಿ.