ದತ್ತು ಮಗಳಿಗೆ ಸರ್ಕಾರದಿಂದಲೇ ಆಪ್ತ ಸಮಾಲೋಚನೆ ಕೊಡಿಸಿದೆ: ನನ್ನ ಅನುಭವ

ಸರ್ಕಾರದ ಬಾಗಿಲು ತಟ್ಟಿದರೆ ಕಾಲು ನೋವೇ ಲಾಭ ಎಂದು ನಮ್ಮ ದತ್ತು ಪೋಷಕರ ಬಳಗದಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದರು. ಮಗಳು ಮನೆಗೆ ಬಂದ ಹದಿನಾರನೆಯ ತಿಂಗಳಿಗೆ ನನಗೆ ನೆರವು ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ಬಂದಾಗ ಅವಳಿಗೆ ಆರು ವರ್ಷ. ಮೂರನೆಯ ವಾರ ಹಾಸಿಗೆ ಕೊಡವುವಾಗ ದಿಂಬಿನ ಚೀಲದೊಳಗೆ ಚಪಾತಿಯೊಂದು ಸಿಕ್ಕಿತು; ನಾಲ್ಕಾಗಿ ಮಡಚಿ, ನನ್ನದೇ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದಳು. ಒಣಗಿ ಹಪ್ಪಳವಾಗಿತ್ತು. ಆಮೇಲೆ ತಿನಿಸು ಬಚ್ಚಿಡುವುದು, ನಿದ್ದೆಗೆಡುವುದು, ಕಿರುಚಾಟ; ದೊಡ್ಡ ವಯಸ್ಸಿನ ಮಕ್ಕಳನ್ನು ದತ್ತು ತಂದವರಿಗೆ ವಿವರಿಸಬೇಕಾಗಿಲ್ಲ.

ಮೊದಲು ಖಾಸಗಿ ಸಮಾಲೋಚಕರಲ್ಲಿ ತೋರಿಸಿದೆ. ಭೇಟಿಗೆ ₹1,500, ಹನ್ನೊಂದೋ ಹನ್ನೆರಡೋ ಭೇಟಿ. ಓಡಾಟ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ ಕರಗಿತು. ಅವರು ಬಚ್ಚಿಡುವುದನ್ನು ಕೆಟ್ಟ ಚಟವೆಂದು ಬಗೆದು, ಬಚ್ಚಿಡದ ದಿನಕ್ಕೊಂದು ನಕ್ಷತ್ರ ಅಂಟಿಸಲು ಹೇಳಿದರು. ಮಗಳು ಬಚ್ಚಿಡುವ ಜಾಗ ಬದಲಿಸಿದಳು, ಅಷ್ಟೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಸೆಕ್ಷನ್ ನಂಬಿ ರಸೀದಿಗಳನ್ನು ವಿಮೆಗೆ ಕಳಿಸಿದೆ. ತಿರಸ್ಕರಿಸಿದರು. ಕಾಯ್ದೆ ದೇಹದ ಕಾಯಿಲೆಗೆ ಸಮನಾಗಿ ಕೊಡಿ ಎನ್ನುತ್ತದೆ. ನನ್ನ ಪಾಲಿಸಿಯಲ್ಲಿ ಯಾವ ಕಾಯಿಲೆಗೂ ಹೊರರೋಗಿ ವೆಚ್ಚ, ಅಂದರೆ ಆಸ್ಪತ್ರೆಗೆ ದಾಖಲಾಗದೆ ತೋರಿಸಿಕೊಂಡ ಖರ್ಚು, ಇರಲಿಲ್ಲ. ವಿಮೆಗೆ ಹಣ ಕಟ್ಟುವ ಮುನ್ನ ಆ ಸಾಲನ್ನು ಓದಿ.

ದಾರಿ ಇದ್ದದ್ದು 2022ರ ದತ್ತು ನಿಯಮಾವಳಿಯಲ್ಲಿ. ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೊಸ ಮನೆಯಲ್ಲಿ ಹೇಗಿದೆ ಎಂಬ ಅನುಸರಣಾ ವರದಿ ಆಗುತ್ತದಲ್ಲ, ಅದನ್ನು ನಾವೆಲ್ಲ ಪರೀಕ್ಷೆಯೆಂದು ಹೆದರಿ 'ಎಲ್ಲ ಚೆನ್ನಾಗಿದೆ' ಎಂದು ಬರೆಸುತ್ತೇವೆ. ಮೊದಲನೆಯದರಲ್ಲಿ ನಾನೂ ಬರೆಸಿದೆ. ಆರು ತಿಂಗಳು ಹಾಳಾದದ್ದು ಅಲ್ಲಿಯೇ. ಮಗುವಿಗೆ ಹೊಂದಾಣಿಕೆ ಕಷ್ಟವಾದರೆ ದತ್ತು ಸಂಸ್ಥೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಆಪ್ತ ಸಮಾಲೋಚನೆ ಏರ್ಪಡಿಸಬೇಕು, ಇಲ್ಲವೇ ಅದು ಸಿಗುವಲ್ಲಿಗೆ ಕಳಿಸಬೇಕು ಎಂದು ಅದೇ ನಿಯಮ ಹೇಳುತ್ತದೆ.

ಎರಡನೆಯ ವರದಿಯ ಹೊತ್ತಿಗೆ ಚಪಾತಿ, ನಿದ್ದೆ, ಕಿರುಚಾಟ ಎಲ್ಲವನ್ನೂ ದಿನಾಂಕ ಹಾಕಿ ಎರಡು ಪುಟ ಬರೆದು ಘಟಕಕ್ಕೆ ಕೊಟ್ಟೆ, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೆ. "ಮಗುವನ್ನು ವಾಪಸ್ ಕರೆದೊಯ್ಯುತ್ತಾರೆ ಕಣೇ" ಎಂದು ಗೆಳತಿ ಅತ್ತೇಬಿಟ್ಟಳು. ಯಾರೂ ಬರಲಿಲ್ಲ, ಎರಡು ತಿಂಗಳು ಉತ್ತರವೂ ಬರಲಿಲ್ಲ. ಮೂರನೆಯ ನೆನಪೋಲೆಗೆ ಕಡತ ಅಲುಗಿತು. ಅದರ ಪ್ರತಿಯನ್ನು ಯಾರಿಗೆ ಕಳಿಸಿದೆ ಎಂಬುದನ್ನು ಇಲ್ಲಿ ಬರೆಯಲಾರೆ, ಎಲ್ಲರೂ ಅದನ್ನೇ ಮಾಡಿದರೆ ಅದರ ಬಲ ಹೋಗುತ್ತದೆ.

ಘಟಕದವರು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು; ಅಲ್ಲಿನ ಮನಶ್ಶಾಸ್ತ್ರಜ್ಞೆ ನಮ್ಮನ್ನು ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಕಳಿಸಿದರು. ಎರಡು ತಿಂಗಳಿಗೊಮ್ಮೆ ನಿಮ್ಹಾನ್ಸ್, ಹದಿನೈದು ದಿನಕ್ಕೊಮ್ಮೆ ಜಿಲ್ಲಾ ಆಸ್ಪತ್ರೆ. "ಮಗು ಆಮೇಲೆ, ಮೊದಲು ನೀವು ನಿದ್ದೆ ಮಾಡಿ ಎಷ್ಟು ದಿನವಾಯಿತು ಹೇಳಿಯಮ್ಮ" ಎಂದು ಕೇಳಿದವರು ಆ ಮನಶ್ಶಾಸ್ತ್ರಜ್ಞೆಯೊಬ್ಬರೇ. ನನಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಸರ್ಕಾರದ ಮಾನಸಿಕ ಆರೋಗ್ಯ ಚಿಕಿತ್ಸೆಯ ಮನೋಚೈತನ್ಯ ಕ್ಲಿನಿಕ್‌ಗೂ ನಾಲ್ಕು ಸಲ ಹೋದೆ. ಒಂದು ರಾತ್ರಿ ಒಂದೂವರೆಗೆ, ಮಗಳು ಬಾಗಿಲ ಮೂಲೆಯಲ್ಲಿ ಮುದುಡಿ ಕುಳಿತು ಹತ್ತಿರ ಬಿಡದಿದ್ದಾಗ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಆ ಕಡೆಯಿಂದ ಕನ್ನಡ ಕೇಳಿದ್ದೇ ಅರ್ಧ ಧೈರ್ಯ. ಎಂಟು ತಿಂಗಳಲ್ಲಿ ಒಟ್ಟು ಖರ್ಚು ನಾಲ್ಕು ಸಾವಿರದೊಳಗೆ, ಬಹುಪಾಲು ಬಸ್ಸಿಗೆ.

ನಡುವೆ ನನ್ನದೇ ಒಂದು ಪ್ರಯೋಗ ಮಾಡಿದೆ. ಅವಳ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯನ್ನು ಅವಳ ಕೈಗೆಟಕುವ ಗೂಡಿನಲ್ಲಿಟ್ಟೆ. ತುಂಬುವುದು ನಾನು, ಕೇಳದೆ ತೆಗೆಯುವುದು ಅವಳು. ಎಷ್ಟು ಉಳಿಯಿತೆಂದು ಅವಳೆದುರು ಎಣಿಸಬಾರದು. ಮೊದಲ ವಾರ ದಿನಕ್ಕೆರಡು ಸಲ ಬರಿದಾಗುತ್ತಿತ್ತು. ಮನೆಯವರು ಬೇಡವೆಂದರು, ನಾನು ಬಿಡಲಿಲ್ಲ. ಮನಶ್ಶಾಸ್ತ್ರಜ್ಞೆ ಕೇಳಿ, ಮುಂದುವರಿಸಿ ಎಂದರು.

ಹೋದ ತಿಂಗಳು ತುಂಬಲೆಂದು ಮುಚ್ಚಳ ತೆಗೆದರೆ ಒಳಗೆ ಬಣ್ಣದ ಪೆನ್ಸಿಲ್‌ಗಳಿದ್ದವು. ನಾಲ್ಕನೆಯ ವರದಿಯಲ್ಲಿ ಅದನ್ನೂ ಬರೆಸಿದ್ದೇನೆ.